ಅಲೆಗಳಿಗೂ ಬೇಕು ಒಬ್ಬ ನೀರುಗಂಟಿ

ಗುಂಡು ಹಾರಿಸದೆ, ಕ್ಷಿಪಣಿ ಬಿಡದೆ, ಹಾರುತ್ತಿರುವ ಡ್ರೋನ್ ಒಂದನ್ನು ಕೆಡವುವುದು ಹೇಗೆ? 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ನಂತರ ಈ ಅಂಕಣದ ಓದುಗರು ಬಿಡದೆ ಕೇಳುತ್ತಿರುವ ಪ್ರಶ್ನೆ ಇದು. ಮೇ 8 ಮತ್ತು 9ರ ನಡುವಿನ ರಾತ್ರಿ ಪಾಕಿಸ್ತಾನವು 36 ಸ್ಥಳಗಳತ್ತ ಸುಮಾರು 300ರಿಂದ 400 ಡ್ರೋನ್‌ಗಳನ್ನು ಕಳಿಸಿತ್ತು ಎಂದು ಮೇ 9ರ ಪತ್ರಿಕಾಗೋಷ್ಠಿಯಲ್ಲಿ ತಿಳಿಸಲಾಯಿತು. ಅವುಗಳಲ್ಲಿ ಹಲವನ್ನು ಗುಂಡಿನಿಂದಲೂ ಗುಂಡಿಲ್ಲದ ವಿಧಾನಗಳಿಂದಲೂ ಕೆಡವಲಾಯಿತು ಎಂಬ ವಿವರಣೆಯೂ ಜೊತೆಗೇ ಬಂತು. ಅದನ್ನು ದೇಶಕ್ಕೆ ತಿಳಿಸಿದವರು ಕರ್ನಲ್ ಸೋಫಿಯಾ ಖುರೇಷಿ. ಬೆಳಗಾವಿ ಜಿಲ್ಲೆಯ ಸೊಸೆ ಎಂದು ನಮ್ಮವರು ಅಂದು ಹೆಮ್ಮೆಪಟ್ಟರು. ಅವರು ಸೇನೆಯ ಸಿಗ್ನಲ್ಸ್ ಕೋರ್‌ನ ಅಧಿಕಾರಿ ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ನಮ್ಮ ಭೂಸೇನೆಯಲ್ಲಿ ಎಲೆಕ್ಟ್ರಾನಿಕ್ ಸಮರದ ಹೊಣೆ ಹೊತ್ತಿರುವುದು ಇದೇ ಕೋರ್.

ಓದುಗರ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಾಮಾನ್ಯ ಡ್ರೋನ್ ಮೂರು ರೇಡಿಯೊ ನಂಟುಗಳನ್ನು ನಂಬಿ ಹಾರುತ್ತದೆ. ನೆಲದ ಮೇಲೆ ರಿಮೋಟ್ ಹಿಡಿದವನು ಕಳಿಸುವ ಆದೇಶ ಒಂದು, ಡ್ರೋನ್ ಅವನಿಗೆ ಕಳಿಸುವ ವಿಡಿಯೊ ಇನ್ನೊಂದು, ತಾನೆಲ್ಲಿದ್ದೇನೆ ಎಂದು ಅದಕ್ಕೆ ತಿಳಿಸುವ ಜಿಪಿಎಸ್ ಮೂರನೆಯದು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಡ್ರೋನ್‌ಗಳ ಆದೇಶ, ವಿಡಿಯೊಗಳು ಓಡಾಡುವುದು 2.4 ಅಥವಾ 5.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅದೇ ಫ್ರೀಕ್ವೆನ್ಸಿಯಲ್ಲಿ ಹೆಚ್ಚು ಬಲದ ಗದ್ದಲ ಎಬ್ಬಿಸಿದರೆ ಡ್ರೋನ್‌ನ ರಿಸೀವರ್‌ಗೆ ಆದೇಶ ಕೇಳಿಸುವುದಿಲ್ಲ. ಇದು ಜಾಮಿಂಗ್. ಆಗ ಡ್ರೋನ್ ಏನು ಮಾಡುತ್ತದೆ ಎಂಬುದು ಅದರೊಳಗಿನ ಪ್ರೋಗ್ರಾಮನ್ನು ಅವಲಂಬಿಸಿದೆ. ಕೆಲವು ನಿಂತಲ್ಲೇ ತೇಲುತ್ತವೆ, ಕೆಲವು ಮೆಲ್ಲಗೆ ಇಳಿಯುತ್ತವೆ, ಕೆಲವು ಹೊರಟ ಜಾಗಕ್ಕೆ ಮರಳಲು ನೋಡುತ್ತವೆ. ಮರಳಲು ಜಿಪಿಎಸ್ ಬೇಕು. ಅದನ್ನೂ ಕಡಿದರೆ ದಿಕ್ಕು ತಪ್ಪುತ್ತದೆ. ಇನ್ನೂ ಜಾಣತನದ ದಾರಿಯೆಂದರೆ ಜಿಪಿಎಸ್‌ನಂತೆಯೇ ಕಾಣುವ ಸುಳ್ಳು ಸಂಕೇತ ಕಳಿಸಿ, ನೀನು ಇರುವುದು ಇಲ್ಲಲ್ಲ, ಅಲ್ಲಿ ಎಂದು ನಂಬಿಸುವುದು. ಇದಕ್ಕೆ ಸ್ಪೂಫಿಂಗ್ ಎನ್ನುತ್ತಾರೆ.

ಇದು ಇಷ್ಟು ಸಲೀಸಾಗಿ ಸಾಧ್ಯವಾಗುವುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಕೆಲವೇ ಹತ್ತು ವ್ಯಾಟ್ ಬಲದಲ್ಲಿ ಹೊರಟ ಸಂಕೇತ ನೆಲ ಮುಟ್ಟುವ ಹೊತ್ತಿಗೆ ರಿಸೀವರ್‌ನ ಒಳಗಿನ ಸಹಜ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಸಂಕೇತದ ವಿನ್ಯಾಸ ಮೊದಲೇ ಗೊತ್ತಿರುವುದರಿಂದಷ್ಟೇ ನಮ್ಮ ಫೋನ್ ಅದನ್ನು ಹೆಕ್ಕಿ ತೆಗೆಯುತ್ತದೆ. ಇಷ್ಟು ಸಣ್ಣ ದನಿಯನ್ನು ಅಡಗಿಸಲು ಹತ್ತಿರದಲ್ಲೊಂದು ಪುಟ್ಟ ಟ್ರಾನ್ಸ್‌ಮಿಟರ್ ಸಾಕು. ರಾಡಾರ್ ವಿಷಯದಲ್ಲೂ ಲೆಕ್ಕ ಜಾಮರ್ ಪರವಾಗಿಯೇ ಇದೆ. ರಾಡಾರ್‌ನ ಅಲೆ ವಿಮಾನದವರೆಗೆ ಹೋಗಿ, ಅದಕ್ಕೆ ತಾಗಿ, ಅಷ್ಟೇ ದೂರ ಹಿಂದಿರುಗಬೇಕು. ಜಾಮರ್‌ನ ಅಲೆಗೆ ಒಮ್ಮುಖ ಪ್ರಯಾಣ. ದೂರ ಎರಡು ಪಟ್ಟಾದರೆ ಜಾಮರ್ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ರಾಡಾರ್‌ನ ಪ್ರತಿಧ್ವನಿ ಹದಿನಾರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಆದ್ದರಿಂದ ದೂರದಲ್ಲಿ ಜಾಮರ್ ಗೆಲ್ಲುತ್ತದೆ. ವಿಮಾನ ಹತ್ತಿರ ಬರುತ್ತ ಬಂದಂತೆ ಒಂದು ಹಂತದಲ್ಲಿ ಪ್ರತಿಧ್ವನಿಯೇ ಜೋರಾಗಿ, ರಾಡಾರ್‌ಗೆ ವಿಮಾನ ಕಂಡುಬಿಡುತ್ತದೆ. ಆ ಅಂತರವನ್ನು ಹೇಗಾದರೂ ಕಿರಿದು ಮಾಡುವುದು ಒಬ್ಬರ ಕೆಲಸ, ಹಿಗ್ಗಿಸುವುದು ಇನ್ನೊಬ್ಬರ ಕೆಲಸ.

ಬರೀ ಗದ್ದಲದ ಕಾಲ ಈಗ ಹಿಂದೆ ಸರಿದಿದೆ. ಇಂದಿನ ಯುದ್ಧವಿಮಾನದ ಜಾಮರ್ ಎದುರಾಳಿ ರಾಡಾರ್‌ನ ಸ್ಪಂದನವನ್ನು ಡಿಜಿಟಲ್ ರೂಪದಲ್ಲಿ ನೆನಪಿಟ್ಟುಕೊಂಡು, ಒಂದಿಷ್ಟು ತಡಮಾಡಿ, ಅದೇ ರೂಪದಲ್ಲಿ ಹಿಂದಿರುಗಿಸುತ್ತದೆ. ತಡವಾಗಿ ಬಂದ ಪ್ರತಿಧ್ವನಿಯೆಂದರೆ ರಾಡಾರ್ ಪಾಲಿಗೆ ದೂರದಲ್ಲಿರುವ ಇನ್ನೊಂದು ವಿಮಾನ. ಹೀಗೆ ಇಲ್ಲದ ವಿಮಾನಗಳ ಹಿಂಡನ್ನೇ ಪರದೆಯ ಮೇಲೆ ಮೂಡಿಸಬಹುದು. ಇದನ್ನು ತಪ್ಪಿಸಲು ರಾಡಾರ್ ಪ್ರತಿ ಸ್ಪಂದನಕ್ಕೂ ಫ್ರೀಕ್ವೆನ್ಸಿ ಬದಲಿಸುತ್ತದೆ, ಅಲೆಯ ವಿನ್ಯಾಸ ಬದಲಿಸುತ್ತದೆ. ಜಾಮರ್ ಅದನ್ನು ಬೆನ್ನಟ್ಟುತ್ತದೆ. ಈ ಆಟಕ್ಕೆ ಮುಗಿವೆಂಬುದಿಲ್ಲ.

ಇಷ್ಟು ವಿವರಿಸಿದ ಮೇಲೆ ಓದುಗರ ಮುಂದಿನ ಪ್ರಶ್ನೆ ಹೆಚ್ಚಾಗಿ ಒಂದೇ: ನಮ್ಮ ಜಾಮರ್ ಬಲಶಾಲಿಯೋ, ಅವರದೋ? ಯಲಹಂಕದ ಏರೋ ಇಂಡಿಯಾದಲ್ಲಿಯೂ ಇದೇ ಕುತೂಹಲ ನೋಡಿದ್ದೇನೆ. ಕ್ಷಿಪಣಿಗಳ ಮಾದರಿಗಳ ಮುಂದೆ ಜನ ಮುಗಿಬಿದ್ದಿರುತ್ತಾರೆ. ಎಲೆಕ್ಟ್ರಾನಿಕ್ ಸಮರದ ಉಪಕರಣಗಳಿರುವ ಮೂಲೆಗೆ ಬಂದವರು ಬೂದು ಬಣ್ಣದ ಪೆಟ್ಟಿಗೆ ನೋಡಿ, ಎಷ್ಟು ಕಿಲೋಮೀಟರ್ ತಲುಪುತ್ತದೆ ಎಂದು ಕೇಳಿ ಮುಂದೆ ಹೋಗುತ್ತಾರೆ. ಆದರೆ ಸಿಗ್ನಲ್ಸ್‌ನಲ್ಲಿ ದುಡಿದು ನಿವೃತ್ತರಾದವರ ಜೊತೆ ಮಾತಿಗೆ ಕುಳಿತಾಗಲೆಲ್ಲ ಅವರು ಬಲದ ವಿಷಯಕ್ಕೆ ಬರುವುದು ಕೊನೆಗೆ. ಮೊದಲು ಅವರು ಕೇಳುವುದು, ಯಾವ ಫ್ರೀಕ್ವೆನ್ಸಿ, ಯಾರಿಗೆ, ಎಷ್ಟು ಹೊತ್ತು ಎಂದು. ಈ ವಿಷಯವನ್ನು ಹಲವು ವರ್ಷಗಳಿಂದ ಹಿಂಬಾಲಿಸಿದ ನನಗೂ ಅದೇ ಸರಿ ಎನಿಸಿದೆ. ಎಲೆಕ್ಟ್ರಾನಿಕ್ ಸಮರದಲ್ಲಿ ಗೆಲ್ಲುವವರು ಜೋರಾಗಿ ಕೂಗುವವರಲ್ಲ. ತಮ್ಮ ಪಾಲಿನ ಸ್ಪೆಕ್ಟ್ರಂ ಅನ್ನು, ಅಂದರೆ ಫ್ರೀಕ್ವೆನ್ಸಿಗಳ ಹರವನ್ನು, ಶಿಸ್ತಿನಿಂದ ಹಂಚಿಕೊಂಡು, ಎದುರಾಳಿಗಿಂತ ಬೇಗ ಕಲಿಯುವವರು.

ನಮ್ಮ ಕೋಲಾರ, ತುಮಕೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಇರುತ್ತಿದ್ದ. ಯಾವ ತೂಬು ಎಷ್ಟು ಹೊತ್ತು ತೆರೆಯಬೇಕು, ಯಾರ ಗದ್ದೆಗೆ ಮೊದಲು ನೀರು, ಕೊನೆಯ ಮಡಿಯವರಿಗೆ ಯಾವಾಗ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಅವನ ಮಾತು ಮೀರಿ ಯಾರೋ ತೂಬೆತ್ತಿದರೆ ಪಕ್ಕದವನ ಪೈರು ಒಣಗುತ್ತಿತ್ತು. ರೇಡಿಯೊ ಸ್ಪೆಕ್ಟ್ರಂ ಕೂಡ ಎಲ್ಲರೂ ಹಂಚಿಕೊಳ್ಳಬೇಕಾದ, ಮಿತಿಯಿರುವ ಸಂಪತ್ತು. ಒಂದೇ ರಣಭೂಮಿಯಲ್ಲಿ ಪದಾತಿಯ ವಾಕಿಟಾಕಿ, ಫಿರಂಗಿಗಳ ರಾಡಾರ್, ವಾಯುಪಡೆಯ ಡೇಟಾಲಿಂಕ್, ಡ್ರೋನ್‌ಗಳು, ಉಪಗ್ರಹ ಸಂಪರ್ಕ, ಜಾಮರ್‌ಗಳು ಒಟ್ಟಿಗೇ ಕೆಲಸ ಮಾಡಬೇಕು. ಮಗ್ಗುಲಲ್ಲೇ ಊರಿನ ಮೊಬೈಲ್ ಟವರ್ ಇರುತ್ತದೆ, ಮೇಲೆ ಪ್ರಯಾಣಿಕರ ವಿಮಾನ ಹಾರುತ್ತಿರುತ್ತದೆ. ಇಲ್ಲಿ ಹಂಚಿಕೆ ತಪ್ಪಿದರೆ ಶತ್ರು ಏನೂ ಮಾಡಬೇಕಾಗಿಲ್ಲ. ನಮ್ಮ ಅಲೆಗಳೇ ನಮ್ಮ ಕಿವಿ ಮುಚ್ಚುತ್ತವೆ.

ಹಾಗೆ ಕಿವಿ ಮುಚ್ಚಿದ್ದರ ಬೆಲೆ ಏನೆಂಬುದು 1982ರ ಮೇ 4ರಂದು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಕಂಡಿತು. ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡುತ್ತಿದ್ದ ದಿನಗಳವು. ಬ್ರಿಟಿಷ್ ನೌಕೆ ಎಚ್‌ಎಂಎಸ್ ಶೆಫೀಲ್ಡ್‌ನಲ್ಲಿ ಶತ್ರು ವಿಮಾನದ ರಾಡಾರ್ ಅಲೆಗಳನ್ನು ಆಲಿಸಿ ಎಚ್ಚರಿಸುವ ರಿಸೀವರ್ ಇತ್ತು. ಆದರೆ ಆ ಹೊತ್ತಿನಲ್ಲಿ ನೌಕೆಯ ಉಪಗ್ರಹ ಸಂಪರ್ಕ ಸಾಧನ ಸಂದೇಶ ಕಳಿಸುತ್ತಿತ್ತು. ಅದರ ಅಲೆಗಳ ಅಬ್ಬರದಲ್ಲಿ ಆಲಿಸುವ ರಿಸೀವರ್‌ಗೆ ಅರ್ಜೆಂಟೀನಾದ ಸೂಪರ್ ಎತಾಂದಾರ್ ವಿಮಾನದ ರಾಡಾರ್ ಕೇಳಿಸಲಿಲ್ಲ. ಅದೇ ಸಾಗರದಲ್ಲಿದ್ದ ಇನ್ನೊಂದು ಬ್ರಿಟಿಷ್ ನೌಕೆ ಗ್ಲಾಸ್ಗೊ ಆ ರಾಡಾರ್ ಅನ್ನು ಗುರುತಿಸಿ ಎಚ್ಚರಿಕೆ ಕೊಟ್ಟಿತ್ತು. ಶೆಫೀಲ್ಡ್‌ಗೆ ಎಕ್ಸೊಸೆ ಕ್ಷಿಪಣಿ ಬಡಿಯಿತು, 20 ನಾವಿಕರು ಸತ್ತರು, ಕೆಲವು ದಿನಗಳಲ್ಲಿ ನೌಕೆ ಮುಳುಗಿತು. ದುರಂತಕ್ಕೆ ನಿಯಂತ್ರಣ ಕೊಠಡಿಯ ಇತರ ಲೋಪಗಳೂ ಕಾರಣವಾಗಿದ್ದವು ನಿಜ. ಆದರೂ ಒಂದೇ ನೌಕೆಯ ಎರಡು ಉಪಕರಣಗಳು, ಎರಡೂ ಸುಸ್ಥಿತಿಯಲ್ಲಿದ್ದು, ಒಂದು ಇನ್ನೊಂದನ್ನು ಕಿವುಡು ಮಾಡಿತು ಎಂಬುದನ್ನು ಸ್ಪೆಕ್ಟ್ರಂ ನಿರ್ವಹಣೆಯ ಮೊದಲ ಪಾಠವಾಗಿ ಕಲಿಯಬೇಕು.

ಇರಾಕ್‌ನಲ್ಲಿ ಅಮೆರಿಕನ್ನರಿಗೂ ಇದೇ ಅನುಭವವಾಯಿತು. ರಸ್ತೆಬದಿಯಲ್ಲಿ ಹೂತಿಟ್ಟ ಬಾಂಬ್‌ಗಳನ್ನು ಮೊಬೈಲ್ ಫೋನ್‌ನಿಂದಲೋ ಗ್ಯಾರೇಜ್ ಬಾಗಿಲಿನ ರಿಮೋಟ್‌ನಿಂದಲೋ ಸಿಡಿಸುತ್ತಿದ್ದರು. ಅದಕ್ಕೆ ಉತ್ತರವಾಗಿ ವಾಹನಗಳ ಮೇಲೆ ಜಾಮರ್‌ಗಳನ್ನು ಅವಸರದಿಂದ ಕೂರಿಸಿದಾಗ ಬಾಂಬಿನ ಸಂಕೇತದ ಜೊತೆಗೆ ಸೈನಿಕರ ಸ್ವಂತ ರೇಡಿಯೊಗಳೂ ಕೆಟ್ಟವು. ಶೀತಲ ಸಮರ ಮುಗಿದ ಮೇಲೆ ಅಮೆರಿಕದ ಭೂಸೇನೆ ಈ ವಿದ್ಯೆಯನ್ನು ಬಹುಮಟ್ಟಿಗೆ ಕೈಬಿಟ್ಟಿತ್ತು. ಕೊನೆಗೆ 2006ರಲ್ಲಿ ನೌಕಾಪಡೆಯ ಎಲೆಕ್ಟ್ರಾನಿಕ್ ಸಮರ ಪರಿಣತರನ್ನು ಮರಳುಗಾಡಿಗೆ ಕರೆಸಿ, ಯಾವ ವಾಹನ ಯಾವ ಫ್ರೀಕ್ವೆನ್ಸಿಯನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಸಿಕೊಳ್ಳಬೇಕಾಯಿತು. ಪೆಟ್ಟಿಗೆಗಳನ್ನು ತಿಂಗಳುಗಳಲ್ಲಿ ತಯಾರಿಸಬಹುದು. ಅವುಗಳನ್ನು ಹೊಂದಿಸಿ ದುಡಿಸುವವರನ್ನು ತಯಾರಿಸಲು ವರ್ಷಗಳು ಬೇಕು.

ಬೇಗ ಕಲಿಯುವವರು ಗೆಲ್ಲುತ್ತಾರೆ ಎಂಬ ನನ್ನ ಇನ್ನೊಂದು ಮಾತಿಗೆ ಬರುತ್ತೇನೆ. 1940ರ ಜೂನ್ 21ರಂದು ಬ್ರಿಟನ್ ಪ್ರಧಾನಿ ಚರ್ಚಿಲ್ ಅವರ ಸಭೆಗೆ 28 ವರ್ಷದ ಭೌತವಿಜ್ಞಾನಿ ಆರ್. ವಿ. ಜೋನ್ಸ್ ಅವರನ್ನು ಕರೆಸಲಾಯಿತು. ಜರ್ಮನ್ ಬಾಂಬರ್‌ಗಳು ಕತ್ತಲಲ್ಲೂ ಗುರಿ ಮುಟ್ಟುವುದು ಹೇಗೆಂಬುದಕ್ಕೆ ಅವರಲ್ಲಿ ಉತ್ತರವಿತ್ತು. ಯುರೋಪಿನ ಎರಡು ಕಡೆಯಿಂದ ಎರಡು ಕಿರಿದಾದ ರೇಡಿಯೊ ಕಿರಣಗಳು ಹೊರಟು, ಬಾಂಬ್ ಹಾಕಬೇಕಾದ ಊರಿನ ಮೇಲೆ ಒಂದನ್ನೊಂದು ಹಾಯುತ್ತವೆ. ಪೈಲಟ್ ಒಂದು ಕಿರಣದ ಗುಂಟ ಹಾರಿ, ಇನ್ನೊಂದು ಸಿಕ್ಕಾಗ ಬಾಂಬ್ ಬಿಡುತ್ತಾನೆ ಎಂದು ಅವರು ವಿವರಿಸಿದರು. ಹಿರಿಯರಲ್ಲಿ ಹಲವರಿಗೆ ನಂಬಿಕೆ ಬರಲಿಲ್ಲ. ಆದರೆ ಅದೇ ರಾತ್ರಿ ಹಾರಿದ ಒಂದು ವಿಮಾನ ಆ ಕಿರಣಗಳನ್ನು ಹುಡುಕಿ ತಂದಿತು. ಕೂಡಲೇ ಜಾಮರ್ ಬೇಕಿತ್ತು, ತಯಾರಿಸಲು ಪುರುಸೊತ್ತಿರಲಿಲ್ಲ. ಆಸ್ಪತ್ರೆಗಳಲ್ಲಿ ಶಾಖ ಚಿಕಿತ್ಸೆಗೆ ಬಳಸುತ್ತಿದ್ದ ಡಯಾಥರ್ಮಿ ಯಂತ್ರಗಳನ್ನೇ ತಾತ್ಕಾಲಿಕ ಜಾಮರ್‌ಗಳಾಗಿ ಮಾರ್ಪಡಿಸಿಕೊಂಡರು.

ಜರ್ಮನ್ನರು ಸುಮ್ಮನೆ ಕೂರಲಿಲ್ಲ. ಇನ್ನೂ ಹೆಚ್ಚಿನ ಫ್ರೀಕ್ವೆನ್ಸಿಯ, ಇನ್ನೂ ನಿಖರವಾದ ಕಿರಣಗಳನ್ನು ತಂದರು. ಬ್ರಿಟನ್ ಅದಕ್ಕೂ ಜಾಮರ್ ಸಿದ್ಧಪಡಿಸಿತು. ಆದರೆ 1940ರ ನವೆಂಬರ್ 14ರ ರಾತ್ರಿ ಕವೆಂಟ್ರಿ ನಗರದ ಮೇಲೆ ದಾಳಿಯಾದಾಗ ಆ ಜಾಮರ್‌ಗಳಿಂದ ಪ್ರಯೋಜನವಾಗಲಿಲ್ಲ. ಜರ್ಮನ್ ರಿಸೀವರ್‌ನ ಫಿಲ್ಟರ್ 2000 ಹರ್ಟ್ಸ್ ಸ್ವರಕ್ಕೆ ಹೊಂದಿಕೊಂಡಿತ್ತು. ಬ್ರಿಟಿಷ್ ಜಾಮರ್ ಹೊರಡಿಸುತ್ತಿದ್ದುದು 1500 ಹರ್ಟ್ಸ್ ಸ್ವರವನ್ನು ಎಂದು ಜೋನ್ಸ್ ಮುಂದೆ ವಿವರಿಸಿದ್ದಾರೆ. ಬಲ ಸಾಕಷ್ಟಿತ್ತು, ಮುಖ್ಯ ಫ್ರೀಕ್ವೆನ್ಸಿಯೂ ಸರಿಯಿತ್ತು. ಸ್ವರವೊಂದು ತಪ್ಪಿದ್ದರಿಂದ ಜರ್ಮನ್ ಉಪಕರಣ ಜಾಮರ್ ಸದ್ದನ್ನು ಸೋಸಿ ಹೊರಹಾಕಿ ತನ್ನ ಕೆಲಸ ಮಾಡಿಕೊಂಡಿತು. ಆ ರಾತ್ರಿ 500ಕ್ಕೂ ಹೆಚ್ಚು ಜನ ಸತ್ತರು. ಈ ಯುದ್ಧದಲ್ಲಿ ಒಂದು ಸಣ್ಣ ಅಳತೆಯ ಮಾಹಿತಿ ಎಷ್ಟು ಜೀವಗಳಿಗೆ ಸಮ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಯುದ್ಧದ ಇನ್ನೊಂದು ಪ್ರಸಂಗ ನನ್ನನ್ನು ಸದಾ ಯೋಚನೆಗೆ ಹಚ್ಚುತ್ತದೆ. ರಾಡಾರ್ ಅಲೆಯ ಅರ್ಧದಷ್ಟು ಉದ್ದದ ಲೋಹದ ಪಟ್ಟಿಗಳನ್ನು ಆಕಾಶದಿಂದ ಚೆಲ್ಲಿದರೆ ಅವು ಒಂದೊಂದೂ ಪ್ರತಿಧ್ವನಿ ಕೊಟ್ಟು ರಾಡಾರ್ ಪರದೆಯನ್ನು ತುಂಬಿಬಿಡುತ್ತವೆ. ಬ್ರಿಟನ್‌ನ ಭೌತವಿಜ್ಞಾನಿ ಜೋನ್ ಕರನ್ ಇದರ ಪ್ರಯೋಗಗಳನ್ನು ನಡೆಸಿ ಪಟ್ಟಿಗಳನ್ನು ರೂಪಿಸಿದರು. ಜರ್ಮನಿಗೂ ಈ ಉಪಾಯ ಹೊಳೆದಿತ್ತು. ನಾವು ಬಳಸಿದರೆ ಅವರೂ ಕಲಿತು ನಮ್ಮ ಮೇಲೇ ಬಳಸುತ್ತಾರೆಂಬ ಭಯದಲ್ಲಿ ಎರಡೂ ಕಡೆಯವರು ಅದನ್ನು ಬಹುಕಾಲ ಬಚ್ಚಿಟ್ಟರು. ಕೊನೆಗೆ 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ದಾಳಿಯಲ್ಲಿ ಬ್ರಿಟನ್ ಸುಮಾರು 27 ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಸುರಿಯಿತು. ಜರ್ಮನಿಯ ವುರ್ಟ್ಸ್‌ಬರ್ಗ್ ರಾಡಾರ್‌ಗಳು ಕುರುಡಾದವು. ದಾಳಿಗೆ ಹೊರಟಿದ್ದ 791 ವಿಮಾನಗಳಲ್ಲಿ ಬ್ರಿಟನ್ ಕಳೆದುಕೊಂಡಿದ್ದು 12 ಮಾತ್ರ. ಎಲೆಕ್ಟ್ರಾನಿಕ್ ಸಮರದ ಅಸ್ತ್ರವನ್ನು ಬಳಸಿದ ಕ್ಷಣದಿಂದಲೇ ಅದು ಎದುರಾಳಿಗೆ ಪಾಠವಾಗುತ್ತದೆ. ಅದಕ್ಕೇ ಈ ಕ್ಷೇತ್ರದಲ್ಲಿ ಇಷ್ಟೊಂದು ಗುಟ್ಟು. ನಮ್ಮ ಉಪಕರಣಗಳ ಬಗ್ಗೆ ಸರ್ಕಾರ ಹೆಚ್ಚೇನೂ ಹೇಳುವುದಿಲ್ಲ ಎಂದು ಬೇಸರಿಸುವ ಓದುಗರು ಇದನ್ನು ನೆನಪಿಡಬೇಕು.

ಕಲಿಕೆಯ ವೇಗ ಫಲಿತಾಂಶವನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ಇಸ್ರೇಲ್ ಎರಡು ಯುದ್ಧಗಳಲ್ಲಿ ತೋರಿಸಿತು. 1973ರಲ್ಲಿ ಈಜಿಪ್ಟ್ ಮತ್ತು ಸಿರಿಯಾ ಸೋವಿಯತ್ ನಿರ್ಮಿತ ಸ್ಯಾಮ್-6 ಕ್ಷಿಪಣಿಗಳನ್ನು ಇಳಿಸಿದಾಗ ಇಸ್ರೇಲಿ ವಿಮಾನಗಳ ಎಚ್ಚರಿಕೆ ಸಾಧನಗಳಿಗೆ ಅದರ ರಾಡಾರ್‌ನ ಪರಿಚಯವೇ ಇರಲಿಲ್ಲ. ಆ ಯುದ್ಧದಲ್ಲಿ ಇಸ್ರೇಲ್ ಸುಮಾರು ನೂರು ವಿಮಾನಗಳನ್ನು ಕಳೆದುಕೊಂಡಿತು. ಒಂಬತ್ತು ವರ್ಷಗಳ ನಂತರ, 1982ರ ಜೂನ್ 9ರಂದು, ಲೆಬನಾನ್‌ನ ಬೆಕಾ ಕಣಿವೆಯಲ್ಲಿ ಅದೇ ಬಗೆಯ ಕ್ಷಿಪಣಿಗಳು ಎದುರಾದವು. ಈ ಬಾರಿ ಇಸ್ರೇಲ್ ಮೊದಲು ಪೈಲಟ್ ಇಲ್ಲದ ಪುಟ್ಟ ವಿಮಾನಗಳನ್ನು ಹಾರಿಸಿ ಸಿರಿಯಾದ ರಾಡಾರ್‌ಗಳನ್ನು ಕೆಣಕಿತು. ರಾಡಾರ್‌ಗಳು ಚಾಲೂ ಆದ ಕೂಡಲೇ ಅವುಗಳ ಫ್ರೀಕ್ವೆನ್ಸಿ, ಸ್ಥಳ ಎಲ್ಲವೂ ದಾಖಲಾದವು. ಆಮೇಲೆ ಬಂದವು ಜಾಮರ್‌ಗಳು ಮತ್ತು ಬಾಂಬರ್‌ಗಳು. 19 ಕ್ಷಿಪಣಿ ನೆಲೆಗಳಲ್ಲಿ 17 ನಾಶವಾದವು. ಈ ಒಂಬತ್ತು ವರ್ಷಗಳಲ್ಲಿ ಇಸ್ರೇಲ್ ಕಟ್ಟಿಕೊಂಡ ನಿಜವಾದ ಆಸ್ತಿ ಎದುರಾಳಿ ರಾಡಾರ್‌ಗಳ ದನಿಗಳ ಸಂಗ್ರಹ. ಸೇನೆಯವರು ಅದನ್ನು ಲೈಬ್ರರಿ ಎನ್ನುತ್ತಾರೆ. ಲೈಬ್ರರಿ ಹಳತಾದರೆ ಎಂಥ ದುಬಾರಿ ಜಾಮರ್ ಕೂಡ ಗೊತ್ತಿಲ್ಲದ ಭಾಷೆಯ ಸಭೆಯಲ್ಲಿ ಕುಳಿತವನಂತಾಗುತ್ತದೆ.

ಉಕ್ರೇನ್ ಯುದ್ಧದಲ್ಲಿ ಆ ಒಂಬತ್ತು ವರ್ಷಗಳ ಅವಧಿ ಕೆಲವು ವಾರಗಳಿಗೆ ಇಳಿದಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಒಳನುಗ್ಗಿದಾಗ ಅದರ ಬಳಿ ಜಗತ್ತಿನಲ್ಲೇ ಹೆಸರಾದ ಜಾಮರ್‌ಗಳಿದ್ದವು. ಆದರೆ ಮೊದಲ ದಿನಗಳಲ್ಲೇ ಅವು ರಷ್ಯಾದ ಪಡೆಗಳ ಸ್ವಂತ ಸಂಪರ್ಕವನ್ನು ಕೆಡಿಸತೊಡಗಿ, ಬಳಕೆಯನ್ನು ತಗ್ಗಿಸಬೇಕಾಯಿತು ಎಂದು ಲಂಡನ್‌ನ ರಕ್ಷಣಾ ಅಧ್ಯಯನ ಸಂಸ್ಥೆ ರೂಸಿಯ ವಿಶ್ಲೇಷಕರು ಬರೆದಿದ್ದಾರೆ. ರಷ್ಯಾ ಕಲಿತುಕೊಂಡಿತು. 2023ರ ಹೊತ್ತಿಗೆ ಉಕ್ರೇನ್ ತಿಂಗಳಿಗೆ ಸುಮಾರು 10,000 ಡ್ರೋನ್‌ಗಳನ್ನು ಕಳೆದುಕೊಳ್ಳುತ್ತಿದೆ, ಅದರಲ್ಲಿ ಜಾಮಿಂಗ್‌ನ ಪಾಲು ದೊಡ್ಡದು ಎಂದು ಅದೇ ಸಂಸ್ಥೆ ಅಂದಾಜಿಸಿತು. ಜಿಪಿಎಸ್ ನಂಬಿದ್ದ ಅಮೆರಿಕದ ಎಕ್ಸ್‌ಕ್ಯಾಲಿಬರ್ ಫಿರಂಗಿ ಗುಂಡುಗಳ ಗುರಿ ತಪ್ಪತೊಡಗಿತು. ಉಕ್ರೇನಿಗರು ಡ್ರೋನ್‌ನ ಫ್ರೀಕ್ವೆನ್ಸಿ ಬದಲಿಸಿದರು, ಆಂಟೆನಾ ಬದಲಿಸಿದರು, ಸಾಫ್ಟ್‌ವೇರ್ ಬದಲಿಸಿದರು. ರಷ್ಯನ್ನರು ಬೆನ್ನಟ್ಟಿದರು. ಕೊನೆಗೆ ಎರಡೂ ಕಡೆಯವರು ರೇಡಿಯೊವನ್ನೇ ಬಿಟ್ಟು, ಡ್ರೋನ್‌ನ ಹಿಂದೆ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತ ಹೋಗುವ ಉಪಾಯ ಹಿಡಿದರು. ಹತ್ತಾರು ಕಿಲೋಮೀಟರ್ ದೂರ ಆ ಎಳೆಯ ಮೂಲಕವೇ ಆದೇಶ, ವಿಡಿಯೊ ಎರಡೂ ಸಾಗುತ್ತವೆ. ಅದನ್ನು ಯಾವ ಜಾಮರ್ ಕೂಡ ತಡೆಯಲಾರದು. ಇಡೀ ತಂತ್ರಜ್ಞಾನ ಒಂದು ಸುತ್ತು ಹಾಕಿ ತಂತಿಗೆ ಮರಳಿದೆ.

ನಮ್ಮ ದೇಶದ ಸ್ಥಿತಿ ಏನು? ಅಡಿಪಾಯ ಗಟ್ಟಿಯಾಗಿದೆ ಎಂದು ಧೈರ್ಯವಾಗಿ ಹೇಳಬಲ್ಲೆ, ಅದರಲ್ಲಿ ಬೆಂಗಳೂರಿನ ಪಾಲು ಹಿರಿದು. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ ಸೇನೆಗೆ ರೇಡಿಯೊ ಮತ್ತು ರಾಡಾರ್ ಪೂರೈಸುತ್ತ ಬೆಳೆಯಿತು. ಯುದ್ಧವಿಮಾನಗಳ ಎಚ್ಚರಿಕೆ ಸಾಧನ ಮತ್ತು ಜಾಮರ್‌ಗಳನ್ನು ರೂಪಿಸುವ ಡಿಆರ್‌ಡಿಒ ಪ್ರಯೋಗಾಲಯ ಡೇರ್ ಇರುವುದೂ ಬೆಂಗಳೂರಿನಲ್ಲಿ. ಭೂಸೇನೆಗಾಗಿ ಹೈದರಾಬಾದಿನ ಡಿಎಲ್‌ಆರ್‌ಎಲ್ ಪ್ರಯೋಗಾಲಯ ಬಿಇಎಲ್ ಜೊತೆಗೂಡಿ ರೂಪಿಸಿದ ಸಂಯುಕ್ತಾ ವ್ಯವಸ್ಥೆ 1.5 ಮೆಗಾಹರ್ಟ್ಸ್‌ನಿಂದ 40 ಗಿಗಾಹರ್ಟ್ಸ್‌ವರೆಗೆ ಆಲಿಸಬಲ್ಲದು, ಅಡ್ಡಿಪಡಿಸಬಲ್ಲದು. ಬೆಟ್ಟಗುಡ್ಡಗಳಿಗಾಗಿ ಹಿಮಶಕ್ತಿ ಬಂತು. ಅದರ ಎರಡು ವ್ಯವಸ್ಥೆಗಳಿಗಾಗಿ 2023ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಬಿಇಎಲ್ ಜೊತೆ ಸುಮಾರು 3,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತು. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್‌ನಿಂದ ಸ್ಫೋಟಕ ಬಿದ್ದ ಕೆಲವೇ ವಾರಗಳಲ್ಲಿ ಡಿಆರ್‌ಡಿಒದ ಡಿ-4 ಡ್ರೋನ್ ನಿಗ್ರಹ ವ್ಯವಸ್ಥೆಗೆ ನೌಕಾಪಡೆ ಬೇಡಿಕೆ ಸಲ್ಲಿಸಿತು. ಡ್ರೋನ್ ಅನ್ನು ರಾಡಾರ್‌ನಿಂದ ಪತ್ತೆ ಹಚ್ಚಿ, ಅದರ ರೇಡಿಯೊ ನಂಟು ಮತ್ತು ಜಿಪಿಎಸ್ ಕಡಿದು, ಬಗ್ಗದಿದ್ದರೆ ಲೇಸರ್‌ನಿಂದ ಸುಡುವುದು ಅದರ ಕ್ರಮ.

ಸ್ಪೆಕ್ಟ್ರಂ ಹಂಚಿಕೆಯಲ್ಲಿಯೂ ನಾವು ಕೈಕಟ್ಟಿ ಕೂತಿಲ್ಲ. ದೇಶದಲ್ಲಿ ಫ್ರೀಕ್ವೆನ್ಸಿ ಹಂಚುವ ಸರ್ಕಾರಿ ಅಂಗ ಡಬ್ಲ್ಯುಪಿಸಿ 1952ರಿಂದಲೇ ಇದೆ. ಮೊಬೈಲ್ ಸೇವೆ ಬೆಳೆದಂತೆ ಸೇನೆ ದಶಕಗಳಿಂದ ಬಳಸುತ್ತಿದ್ದ ಫ್ರೀಕ್ವೆನ್ಸಿಗಳಿಗೆ ಬೇಡಿಕೆ ಬಂತು. 2010ರ 3ಜಿ ತರಂಗಾಂತರ ಹರಾಜಿನಿಂದ ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿ ದೊರಕಿದ್ದು ಹಲವರಿಗೆ ನೆನಪಿರಬಹುದು. ಸೇನೆ ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಮೂರೂ ಪಡೆಗಳಿಗೆ ಪ್ರತ್ಯೇಕ ಆಪ್ಟಿಕಲ್ ಫೈಬರ್ ಜಾಲ ಹಾಕಿಕೊಡುವ ಯೋಜನೆ ಶುರುವಾಯಿತು. 13,334 ಕೋಟಿಯಿದ್ದ ಅದರ ಅನುದಾನಕ್ಕೆ 2018ರಲ್ಲಿ ಇನ್ನೂ 11,330 ಕೋಟಿ ಸೇರಿತು. ಈ ವಿನಿಮಯ ನನಗೆ ಬಹಳ ಜಾಣ ನಡೆಯಾಗಿ ಕಾಣುತ್ತದೆ. ನೆಲದೊಳಗಿನ ಫೈಬರ್‌ನಲ್ಲಿ ಸಾಗುವ ಮಾತನ್ನು ಶತ್ರು ಗಾಳಿಯಲ್ಲಿ ಆಲಿಸಲಾರ, ಜಾಮ್ ಮಾಡಲಾರ. ಚಲಿಸುವ ಪಡೆಗಳಿಗೆ ಮಾತ್ರ ರೇಡಿಯೊ ಮೀಸಲಾದರೆ ಗದ್ದಲವೂ ಕಡಿಮೆ. 2015ರಲ್ಲಿ ಕೇಂದ್ರ ಸಂಪುಟ ರಕ್ಷಣೆಗೆಂದೇ ಮೀಸಲಾದ ಫ್ರೀಕ್ವೆನ್ಸಿ ಪಟ್ಟಿಗಳನ್ನೂ, ಅಂತರರಾಷ್ಟ್ರೀಯ ಗಡಿಯಿಂದ 100 ಕಿ.ಮೀ. ಒಳಗಿನ ರಕ್ಷಣಾ ಹಿತಾಸಕ್ತಿ ವಲಯವನ್ನೂ ಗುರುತಿಸಲು ಒಪ್ಪಿತು.

ಆದರೂ ಗಾಳಿಯ ಅಲೆಗೆ ಬೇಲಿ ಹಾಕಲಾಗದು. ಗಡಿಯಲ್ಲಿ ಡ್ರೋನ್ ತಡೆಯಲು ಯಾರೇ ಎಬ್ಬಿಸಿದ ಜಿಪಿಎಸ್ ಗದ್ದಲವೂ ಮೇಲೆ ಹಾರುವ ಪ್ರಯಾಣಿಕರ ವಿಮಾನಕ್ಕೆ ತಟ್ಟುತ್ತದೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಗಡಿ ಪ್ರದೇಶದಲ್ಲಿ, ಹೆಚ್ಚಾಗಿ ಅಮೃತಸರ ಮತ್ತು ಜಮ್ಮು ಸುತ್ತ, ಇಂಥ 465 ಪ್ರಕರಣಗಳು ವರದಿಯಾಗಿವೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿತು. ಯುರೋಪಿನಲ್ಲಿಯೂ ಇಂಥದೇ ಗದ್ದಲದಿಂದಾಗಿ ಎಸ್ಟೋನಿಯಾದ ಟಾರ್ಟು ನಗರಕ್ಕೆ ಫಿನ್‌ಏರ್ ತನ್ನ ಹಾರಾಟವನ್ನು 2024ರಲ್ಲಿ ಒಂದು ತಿಂಗಳು ನಿಲ್ಲಿಸಿತು. ಅಲ್ಲಿ ಇಳಿಯುವ ಕ್ರಮ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿತ್ತು. ಪರ್ಯಾಯವಿದ್ದ ಕಡೆ ಪೈಲಟ್‌ಗಳು ನೆಲದ ರೇಡಿಯೊ ದಾರಿದೀಪಗಳನ್ನು ಅನುಸರಿಸಿ ಇಳಿಯುತ್ತಾರೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಇರುವ ಇಂಥ ಹಳೆಯ ನೆಲದ ವ್ಯವಸ್ಥೆಗಳಾದ ವಿಒಆರ್, ಐಎಲ್‌ಎಸ್‌ಗಳನ್ನು ಉಪಗ್ರಹ ಬಂತೆಂಬ ಕಾರಣಕ್ಕೆ ಕಿತ್ತುಹಾಕಬಾರದು ಎಂದು ನಾನು ಬಲವಾಗಿ ನಂಬುವುದು ಇದಕ್ಕೇ. ಬೆಂಗಳೂರು ಹೊರವಲಯದ ಬ್ಯಾಲಾಳುವಿನಿಂದ ಇಸ್ರೊ ನಡೆಸುವ, ಉಪಗ್ರಹಗಳಿಂದ ದಾರಿ ತೋರುವ ನಮ್ಮದೇ ನಾವಿಕ್ ವ್ಯವಸ್ಥೆ ಬಲಗೊಳ್ಳಬೇಕು, ಸಂಶಯವಿಲ್ಲ. ಆದರೆ ನಾವಿಕ್ ಸಂಕೇತವೂ ಆಕಾಶದಿಂದ ಬರುವ ಕ್ಷೀಣ ದನಿಯೇ. ಸ್ವದೇಶಿಯೆಂಬ ಮಾತ್ರಕ್ಕೆ ಅದು ಜಾಮಿಂಗ್‌ಗೆ ಹೊರತಲ್ಲ.

ನಮ್ಮ ನಿಮ್ಮಂಥವರಿಗೂ ಇಲ್ಲೊಂದು ಸಣ್ಣ ಕರ್ತವ್ಯವಿದೆ. ಪರೀಕ್ಷಾ ಕೇಂದ್ರದಲ್ಲಿ ನಕಲು ತಡೆಯಲು, ಪ್ರಾರ್ಥನೆಯ ವೇಳೆ ಫೋನ್ ಮೊಳಗದಿರಲು ಜಾಮರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ಪತ್ರಗಳೂ ನನಗೆ ಬರುತ್ತವೆ. ಸರ್ಕಾರದ ನಿರ್ದಿಷ್ಟ ಅನುಮತಿಯಿಲ್ಲದೆ ಮೊಬೈಲ್ ಜಾಮರ್, ಜಿಪಿಎಸ್ ಬ್ಲಾಕರ್ ಇಟ್ಟುಕೊಳ್ಳುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಕಾನೂನಿನ ಹಿಂದೆ ಅರ್ಥವಿದೆ. ನಿಮ್ಮ ಕೊಠಡಿಯ ಜಾಮರ್ ಪಕ್ಕದ ಬೀದಿಯಲ್ಲಿ ಆಂಬುಲೆನ್ಸ್ ಕರೆಯುತ್ತಿರುವವರ ದನಿಯನ್ನೂ ಅಡಗಿಸಬಲ್ಲದು.

ಹಾಗಾದರೆ ಮುಂದೆ ಹಣ ಎಲ್ಲಿಗೆ ಹೋಗಬೇಕು? ಪೆಟ್ಟಿಗೆಗಳ ಖರೀದಿ ನಡೆಯಲಿ. ಆದರೆ ಅದಕ್ಕಿಂತ ಮೊದಲ ಪಾಲು ಆಲಿಸುವ ಕೆಲಸಕ್ಕೆ, ಲೈಬ್ರರಿಯನ್ನು ದಿನದಿನವೂ ಹೊಸದಾಗಿಡುವ ತಂತ್ರಜ್ಞರಿಗೆ, ಮತ್ತು ಗಡಿಯ ತುಕಡಿ ಕಂಡ ಹೊಸ ಫ್ರೀಕ್ವೆನ್ಸಿ ಪ್ರಯೋಗಾಲಯ ಮುಟ್ಟಿ, ತಿದ್ದಿದ ಸಾಫ್ಟ್‌ವೇರ್ ಆಗಿ ಹಿಂದಿರುಗುವ ದಾರಿಗೆ ಸಲ್ಲಬೇಕು. ಆ ದಾರಿ ತಿಂಗಳುಗಟ್ಟಲೆ ಉದ್ದವಿದ್ದರೆ ಉಕ್ರೇನ್ ಕಲಿಸಿದ ಪಾಠ ನಮಗೆ ತಲುಪಿಲ್ಲ ಎಂದೇ ಅರ್ಥ. ನಮ್ಮ ಯುವ ಡ್ರೋನ್ ಉದ್ಯಮಿಗಳಿಗೆ ನಿಜವಾದ ಜಾಮಿಂಗ್ ನಡುವೆ ಹಾರಿಸಿ ನೋಡುವ ಬಯಲು ಬೇಕು. ಚಿತ್ರದುರ್ಗದ ಚಳ್ಳಕೆರೆ ಬಳಿ ಮಾನವರಹಿತ ವಿಮಾನಗಳನ್ನು ಪರೀಕ್ಷಿಸಲು 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒದ ವಿಶಾಲ ನೆಲೆಯಿದೆ. ಅಂಥ ಕಡೆ, ವಿಮಾನ ಸಂಚಾರಕ್ಕೂ ಸುತ್ತಲಿನ ಹಳ್ಳಿಗಳಿಗೂ ತೊಂದರೆಯಾಗದಂತೆ ವೇಳೆ ಗೊತ್ತುಪಡಿಸಿ, ಖಾಸಗಿ ತಯಾರಕರಿಗೂ ಅವಕಾಶ ಕೊಡಬೇಕು. ಶಾಂತ ಆಕಾಶದಲ್ಲಿ ಚೆನ್ನಾಗಿ ಹಾರುವ ಡ್ರೋನ್ ಯುದ್ಧಕ್ಕೆ ಸಿದ್ಧವಾಗಿದೆ ಎಂದು ಯಾರೂ ಪ್ರಮಾಣಪತ್ರ ಕೊಡಬಾರದು.

ಎಲ್ಲಕ್ಕೂ ಮಿಗಿಲಾಗಿ ಮೂರೂ ಪಡೆಗಳು, ವಿಮಾನಯಾನ ಇಲಾಖೆ, ದೂರಸಂಪರ್ಕ ಇಲಾಖೆಗಳ ಮೇಲೆ ಮಾತು ನಡೆಯುವ, ಬಿಕ್ಕಟ್ಟಿನ ಗಳಿಗೆಯಲ್ಲಿ ಕ್ಷಣಕ್ಷಣಕ್ಕೂ ಹಂಚಿಕೆ ಬದಲಿಸಬಲ್ಲ ಅಧಿಕಾರವುಳ್ಳ ನೀರುಗಂಟಿ ಬೇಕು. ಆ ಹುದ್ದೆಯಲ್ಲಿ ಕೂರುವವರು ಎರಡು ವರ್ಷಕ್ಕೊಮ್ಮೆ ವರ್ಗವಾಗಿ ಹೋಗದೆ, ಇದೇ ವಿದ್ಯೆಯಲ್ಲಿ ಬಡ್ತಿ ಪಡೆದು ಮೇಲೇರುವಂತಿರಬೇಕು. ಮುಂದಿನ ಸಲ ಹೊಸ ಜಾಮರ್ ಖರೀದಿಯ ಸುದ್ದಿ ಓದಿದಾಗ, ಅದು ಎಷ್ಟು ಕಿಲೋಮೀಟರ್ ತಲುಪುತ್ತದೆ ಎಂಬುದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಅದು ಚಾಲೂ ಇರುವಾಗ ನಮ್ಮವರ ರೇಡಿಯೊ ಕೇಳಿಸುತ್ತದೆಯೇ? ಶತ್ರು ಫ್ರೀಕ್ವೆನ್ಸಿ ಬದಲಿಸಿದರೆ ಎಷ್ಟು ದಿನಗಳಲ್ಲಿ ಅದು ಹೊಸ ಪಾಠ ಕಲಿಯುತ್ತದೆ? ಅದನ್ನು ನಡೆಸುವವರಿಗೆ ಎಷ್ಟು ವರ್ಷದ ತರಬೇತಿ ಸಿಕ್ಕಿದೆ? ಈ ಮೂರಕ್ಕೂ ತೃಪ್ತಿಕರ ಉತ್ತರ ಕೊಡಬಲ್ಲ ಸೇನೆ ಗುಂಡಿಲ್ಲದೆಯೂ ಡ್ರೋನ್ ಕೆಡವುತ್ತದೆ, ತನ್ನವರನ್ನೂ ಉಳಿಸಿಕೊಳ್ಳುತ್ತದೆ.